ಐದು ಸ್ಟಾರಿನ ಕಾರೂ ಮಡಿಲಕ್ಕಿಯೂ

ಬೊಂಬೆಯೊಂದು ಸಾಯುವುದನ್ನು ಜಯಲಕ್ಷ್ಮಮ್ಮ ನೋಡಿದ್ದು ಮುದ್ದೆ ಕಟ್ಟುತ್ತಿದ್ದಾಗ. ಸೊಸೆ ರಮ್ಯಶ್ರೀ ಒಲೆಯ ಪಕ್ಕ ಫೋನು ಒರಗಿಸಿಟ್ಟು, "ಅತ್ತೆ, ಇಲ್ ನೋಡಿ" ಎಂದಳು. ಫೋನಿನಲ್ಲಿ ಹಳದಿ ಕಾರೊಂದು ಬಂದು ಗೋಡೆಗೆ ಗುದ್ದಿತು. ಕಾರಿನ ಮೂತಿ ಒಳಗೆ ಹೋಯಿತು, ಸ್ಟೇರಿಂಗು ಮೇಲೆದ್ದಿತು, ಅದನ್ನು ಹಿಡಿದು ಕೂತಿದ್ದ ಬೊಂಬೆಯ ಕತ್ತು ಅತ್ತ ವಾಲಿತು. ಹಿಂದೆ ಮಗುವಿನ ಬೊಂಬೆಯೂ ಒಂದಿತ್ತು. ಅದು ಎತ್ತ ಹೋಯಿತೋ ಕಾಣಲೇ ಇಲ್ಲ.

ಜಯಲಕ್ಷ್ಮಮ್ಮನಿಗೆ ಅಂಗೈಯಲ್ಲಿ ಮುದ್ದೆ ಸುಡುತ್ತಿದ್ದುದೂ ತಿಳಿಯಲಿಲ್ಲ.

"ಅಯ್ಯೋ ಶಿವನೆ, ಯಾರ್ ಮಕ್ಳಮ್ಮ ಅವು?"

"ಮಕ್ಳಲ್ಲ ಅತ್ತೆ, ಬೊಂಬೆ. ಕಾರು ಗಟ್ಟಿ ಅದೋ ಇಲ್ವೋ ಅಂತ ನೋಡಕ್ಕೆ ಕೂರ್ಸಿರದು. ಇದು ಸ್ಟಾರೇ ಸಿಗದೆ ಇರೋ ಕಾರು. ಈಗ ಐದು ಸ್ಟಾರಿಂದು ನೋಡಿ."

ಎರಡನೆಯ ಕಾರೂ ಅದೇ ಗೋಡೆಗೆ ಅದೇ ವೇಗದಲ್ಲಿ ಗುದ್ದಿತು. ಮೂತಿ ಜಜ್ಜಿಹೋದರೂ ಒಳಗಿನ ಕೋಣೆ ಹಾಗೇ ನಿಂತಿತ್ತು. ಬಿಳಿ ಚೀಲವೊಂದು ಪುಸ್ಸೆಂದು ಊದಿಕೊಂಡು ದೊಡ್ಡ ಬೊಂಬೆಯ ಮುಖವನ್ನು ಹಿಡಿದುಕೊಂಡಿತು. ಮಗುವಿನ ಬೊಂಬೆ ಕೂತ ಜಾಗದಲ್ಲೇ ಇತ್ತು.

"ಬೊಂಬೆಗೂ ಪಟ್ಟಿ ಕಟ್ಟವ್ರಲ್ಲಮ್ಮಿ" ಎಂದಳು ಜಯಲಕ್ಷ್ಮಮ್ಮ.

"ಬೆಲ್ಟ್ ಕಟ್ದೆ ಇದ್ರೆ ಐದು ಸ್ಟಾರಿದ್ರೂ ಅಷ್ಟೆ, ಹತ್ತಿದ್ರೂ ಅಷ್ಟೆ."

"ಅದ್ಸರಿ ಬುಡು" ಎಂದು ಜಯಲಕ್ಷ್ಮಮ್ಮ ಮುದ್ದೆಯನ್ನು ತಟ್ಟೆಗೆ ಹಾಕಿದಳು. ಆ ಮಾತು ಕಿವಿಗೆ ಬಿದ್ದಿತ್ತು, ಬಿದ್ದಿಲ್ಲ ಎಂದು ಹೇಳುವ ಹಾಗಿಲ್ಲ. ಆದರೆ ತಲೆಯೊಳಗೆ ಕೂತದ್ದು ಸ್ಟಾರು ಮಾತ್ರ.

ಗಾವಡಗೆರೆಯಲ್ಲಿ ಅವಳ ಗಂಡ ದೇವರಾಜುವಿನ ಮನೆಗೆ ಕಾರು ಬರುವ ಮೊದಲೇ ಕಾರಿನ ಜಗಳ ಬಂದಿತ್ತು. ಅಲ್ಲಿಯವರೆಗೆ ಆ ಮನೆಯಲ್ಲಿದ್ದದ್ದು ಒಂದು ಟ್ರಾಕ್ಟರು, ಒಂದು ಬೈಕು. ಹೊಗೆಸೊಪ್ಪಿಗೆ ಆ ವರ್ಷ ಒಳ್ಳೆ ರೇಟು ಸಿಕ್ಕಿತ್ತು ನಿಜ. ಆದರೆ ಕಾರು ಬೇಕಾದದ್ದು ಮೆರೆಯುವುದಕ್ಕಲ್ಲ. ಮಗಳು ರೂಪಶ್ರೀಯನ್ನು ಅಂತರಸಂತೆಗೆ ಕೊಟ್ಟಿತ್ತು. ಮದುವೆಯಾಗಿ ಆರು ವರ್ಷ ಊರವರ ಬಾಯಿಗೆಲ್ಲ ಸಿಕ್ಕಿ, ಹರಕೆ ಹೊತ್ತ ದೇವರಿಗೆಲ್ಲ ಅಡ್ಡಬಿದ್ದು, ಈಗ ಬಸಿರು ನಿಂತಿತ್ತು. ಸೀಮಂತ ಮುಗಿಸಿ ಅವಳನ್ನು ಬಾಣಂತನಕ್ಕೆ ತವರಿಗೆ ಕರೆತರಬೇಕು. ಆ ರಸ್ತೆಯಲ್ಲಿ ಬಾಡಿಗೆ ಆಟೋದಲ್ಲಿ ಕುಲುಕಿಸಿಕೊಂಡು ತರುವುದಕ್ಕೆ ಜಯಲಕ್ಷ್ಮಮ್ಮನ ಜೀವ ಒಪ್ಪಲಿಲ್ಲ. ಮಗಳೂ ಹೊಟ್ಟೆಯಲ್ಲಿರುವುದೂ ನೆಟ್ಟಗೆ ಮನೆ ಸೇರಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಯಾವ ಕಾರು ಎಂಬಲ್ಲಿ ಮನೆ ಮೂರು ಪಾಲಾಯಿತು. ಈ ಮನೆಯವರ ಬಾಯಲ್ಲಿ ಕಂಪನಿಯ ಹೆಸರು ನಿಲ್ಲುತ್ತಿರಲಿಲ್ಲ. ದೇವರಾಜುವಿಗೆ ಬೇಕಾದದ್ದು ಮೇಷ್ಟ್ರ ಕಂಪನಿ, ಮಗ ಶಿವಶಂಕರನಿಗೆ ಕೆಂಪು ಕಾರಿನ ಕಂಪನಿ, ಜಯಲಕ್ಷ್ಮಮ್ಮನಿಗೆ ಸ್ಟಾರು ಕಂಪನಿ.

"ಮಂಚಯ್ಯ ಮೇಷ್ಟ್ರು ಗಾಡಿ ತಗಂಡು ಅನ್ನೆರಡ್ ವರ್ಸ ಆಯ್ತು" ಎಂದು ದೇವರಾಜು ಮುದ್ದೆ ಮುರಿಯುತ್ತ ಶುರುಮಾಡುತ್ತಿದ್ದ. "ಒಂದಿನ ದಾರೀಲಿ ನಿಂತದ್ದು ನಾ ಕಾಣೆ. ಕೆಟ್ರೂ ಹುಣಸೂರಲ್ಲಿ ಯಾವನ್ ಬೇಕಾದ್ರೂ ರಿಪೇರಿ ಮಾಡ್ತಾನೆ. ಗಾಡಿ ಅಂದ್ರೆ ಅದು ಕಣ್ಲಾ."

"ಅದು ಗಾಡಿ ಅಲ್ಲ ಕಣಪ್ಪ, ಡಬ್ಬ. ಡೋರ್ ಹಾಕಿದ್ರೆ ತಗಡು ಬಡ್ದಂಗೆ ಸದ್ದು. ಕೋಟೆ ರೋಡಲ್ಲಿ ಒಂದು ಬಸ್ ಓವರ್‌ಟೇಕ್ ಮಾಡಕ್ಕೆ ಉಸ್ರು ಕಟ್ತದೆ. ಕೆಂಪು ಕಾರಿನ್ ಕಂಪ್ನೀದು ನೋಡು, ಟರ್ಬೊ. ಕಾಲಿಟ್ರೆ ಬಾಣ."

"ಹೊಗೆಸೊಪ್ ಬೇಯ್ಸೋನಿಗೆ ಟರ್ಬೊ ಯಾಕ್ಲಾ? ಬಸುರಿ ಎಂಗ್ಸುನ್ನ ಬಾಣದಂಗ್ ಬುಟ್ಕಂಡ್ ಬಂದೀಯ?"

"ನಿಮ್ಮಿಬ್ರುದೂ ಬ್ಯಾಡ" ಎಂದು ಜಯಲಕ್ಷ್ಮಮ್ಮ ಸೊಪ್ಪಿನ ಸಾರು ಬಡಿಸುತ್ತಿದ್ದಳು. "ಗ್ವಾಡೆಗೆ ಗುದ್ದುದ್ರೆ ಒಳಗಿರೋರು ಉಳೀಬೇಕು. ಅಂಥದ್ ತನ್ನಿ."

"ಗ್ವಾಡೆಗೆ ಯಾಕ್ ಗುದ್ದೀಯೆ? ನೆಟ್ಟಗೆ ಓಡ್ಸುದ್ರೆ ಸಾಲ್ದಾ? ಆ ಸ್ಟಾರು ಕಂಪ್ನಿ ಗಾಡಿ ರೋಡ್ಗಿಂತ ವರ್ಕ್‌ಶಾಪಲ್ಲೇ ಜಾಸ್ತಿ ಇರ್ತವೆ ಅಂತ ಊರೇ ಆಡ್ಕತದೆ."

"ವರ್ಕ್‌ಶಾಪಲ್ಲಿ ಇರ್ಲಿ. ಆಸ್ಪತ್ರೇಲಿ ಇರದು ಬ್ಯಾಡ."

ದಿನಾ ಇದೇ ರಾಮಾಯಣ. ರಮ್ಯಶ್ರೀ ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ ಕೇಳಿದವರಿಗೆ ಫೋನಿನಲ್ಲಿ ತೆಗೆದು ತೋರಿಸುತ್ತಿದ್ದಳು. ಒಂದು ಭಾನುವಾರ ಎಲ್ಲರೂ ಮೈಸೂರಿನ ಶೋರೂಮುಗಳಿಗೆ ಹೋದರು. ದೇವರಾಜು ಬಾನೆಟ್ಟನ್ನು ಬೆರಳಲ್ಲಿ ಕುಟ್ಟಿ ನೋಡಿದ, ಶಿವಶಂಕರ ರಿಂಗ್ ರೋಡಿನಲ್ಲಿ ಓಡಿಸಿ ಬಂದು ಹಲ್ಲು ಕಿರಿದ. ಜಯಲಕ್ಷ್ಮಮ್ಮ ಟೈ ಕಟ್ಟಿಕೊಂಡಿದ್ದ ಹುಡುಗನನ್ನು ಪಕ್ಕಕ್ಕೆ ಕರೆದು, "ಇದ್ರಲ್ಲಿ ಮಕ್ಳ ಬೊಂಬೆಗೆ ಎಷ್ಟ್ ಸ್ಟಾರಪ್ಪ?" ಎಂದು ಕೇಳಿದಳು. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರು ಕೊಡುತ್ತಾರೆಂದು ಅಷ್ಟರಲ್ಲಿ ಅವಳು ಕಲಿತಿದ್ದಳು. ಆ ಹುಡುಗ ದಂಗಾಗಿ ಒಳಗೆ ಕೇಳಿಕೊಂಡು ಬರಲು ಹೋದ.

ಕಡೆಗೆ ಅವಳೇ ಗೆದ್ದಳು. "ಸ್ಟಾರಿಲ್ದಿದ್ ಕಾರ್ ತಂದ್ರೆ ನನ್ ಮಗ್ಳನ್ನ ಅದ್ರಲ್ಲಿ ಕೂರ್ಸಲ್ಲ. ನೀವೇ ಇಟ್ಕಂಡು ಪೂಜೆ ಮಾಡಿ" ಎಂದು ಒಂದು ಹೊತ್ತು ಒಲೆ ಹಚ್ಚದೆ ಕೂತಳು. ಹಸಿದ ಗಂಡಸರು ಎಷ್ಟು ಹೊತ್ತು ವಾದ ಮಾಡಿಯಾರು? ಐದು ಸ್ಟಾರಿನ ಬಿಳಿ ಕಾರು ಗಾವಡಗೆರೆಗೆ ಬಂತು. ಶಿವಶಂಕರನೂ ಅದಕ್ಕೆ ಬೇಗ ಒಗ್ಗಿಕೊಂಡ. ಬೆಲ್ಟು ಹಾಕದಿದ್ದರೆ ಹಿಂದೆ ಕೂತವರಿಗೂ ಅದು ಟಿಣ್ ಟಿಣ್ ಎಂದು ಬೈಯುತ್ತಿತ್ತು. ದೇವರಾಜು ಬೆಲ್ಟು ಹಾಕಿಕೊಳ್ಳುವಾಗಲೆಲ್ಲ "ದನ ಕಟ್ದಂಗ್ ಕಟ್ತದಲ್ಲೊ ಇದು" ಎನ್ನುತ್ತಿದ್ದ.

ಅಂತರಸಂತೆಯ ಸೀಮಂತಕ್ಕೆ ಅದೇ ಕಾರಿನಲ್ಲಿ ಹೋದರು. ಆರತಿಗೆ ಅಣಿ ಮಾಡಿಕೊಂಡು ಕಾಯಲು ರಮ್ಯಶ್ರೀ ಮನೆಯಲ್ಲೇ ಉಳಿದಳು. ಬೀಗರ ಮನೆಯಲ್ಲಿ ರೂಪಶ್ರೀಗೆ ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಮಣೆಯ ಮೇಲೆ ಕೂರಿಸಿ ಮುತ್ತೈದೆಯರೆಲ್ಲ ಮಡಿಲು ತುಂಬಿದರು. ಅಕ್ಕಿ, ಬೆಲ್ಲದಚ್ಚು, ವೀಳ್ಯದೆಲೆ, ಅಡಿಕೆ, ರವಿಕೆ ಬಟ್ಟೆ, ಎಲ್ಲದರ ಮೇಲೆ ಜುಟ್ಟಿದ್ದ ದಪ್ಪ ತೆಂಗಿನಕಾಯಿ. ರೂಪಶ್ರೀ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಳು. ಬೀಗಿತ್ತಿ ಬೀರಮ್ಮ ಕಾರಿನವರೆಗೆ ಬಂದು ಹೇಳಿದಳು:

"ತವರ ಹೊಸ್ತಿಲು ದಾಟೋಗಂಟ ಮಡ್ಲು ಇಳಿಸ್ಬ್ಯಾಡಿ ಬೀಗ್ತಿ. ಆರ್ ವರ್ಸಕ್ಕೆ ತುಂಬಿರೋ ಮಡ್ಲು."

"ನಂಗೊತ್ತಿಲ್ವಾ" ಎಂದಳು ಜಯಲಕ್ಷ್ಮಮ್ಮ.

ಮುಂದೆ ಶಿವಶಂಕರ, ಅವನ ಪಕ್ಕ ದೇವರಾಜು, ಹಿಂದೆ ತಾಯಿ ಮಗಳು. ಊರು ದಾಟುವ ಮೊದಲೇ ಕಾರು ಟಿಣ್ ಟಿಣ್ ಎನ್ನತೊಡಗಿತು.

"ಯಾರ್ ಬೆಲ್ಟ್ ಹಾಕಿಲ್ಲ?" ಎಂದ ಶಿವಶಂಕರ.

"ನಾ ಹಾಕಿವ್ನಿ" ಎಂದಳು ಜಯಲಕ್ಷ್ಮಮ್ಮ.

"ನಂದು ಆಯ್ತಿಲ್ಲ ಕಣಣ್ಣ. ಮಡ್ಲಕ್ಕಿ ಅಡ್ಡ ಬತ್ತದೆ" ಎಂದಳು ರೂಪಶ್ರೀ. ಅವಳು ಎಳೆದು ನೋಡಿದಳು. ಕಾಯಿಯ ಮೇಲೆ ಬಂದು ಪಟ್ಟಿ ಜಾರುತ್ತಿತ್ತು.

"ಮಡ್ಲಕ್ಕಿ ಇಳ್ಸಿ ಕಟ್ಕೊ. ಮನೆ ಹತ್ರ ಮತ್ತೆ ಕಟ್ಕಂಡ್ರಾಯ್ತು."

"ಬಾಯ್ಮುಚ್ಕಂಡ್ ಓಡ್ಸ್ಲಾ" ಎಂದು ಜಯಲಕ್ಷ್ಮಮ್ಮ ಗದರಿಸಿದಳು. "ಇಳ್ಸೋದಂತೆ. ದಾರೀಲಿ ಮಡ್ಲು ಇಳ್ಸ್ತಾರಾ?" ಸದ್ದು ನಿಲ್ಲಲಿಲ್ಲ. ದೇವರಾಜು, "ಆ ಸನಿಯನ್ನ ನಿಲ್ಸೆ, ತಲೆ ತಿಂತದೆ" ಎಂದ. ಆಗ ಜಯಲಕ್ಷ್ಮಮ್ಮ ಮಗಳನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಪಟ್ಟಿಯನ್ನು ಅವಳ ಬೆನ್ನ ಹಿಂದಿನಿಂದ ಎಳೆದು ತಂದು ಕಟಕ್ಕೆಂದು ಹಾಕಿಬಿಟ್ಟಳು. ಸದ್ದು ನಿಂತಿತು.

"ಸುಖ್ವಾಗಿ ಒರಿಕ್ಕೊ ಮಗ" ಎಂದಳು. ರೂಪಶ್ರೀ ಒರಗಿಕೊಂಡು ಕಾಯಿಯ ಮೇಲೆ ಎರಡೂ ಕೈ ಇಟ್ಟುಕೊಂಡಳು.

ಕೋಟೆ ಪಟ್ಟಣ ದಾಟಿ ಹುಣಸೂರಿನ ಕಡೆ ಬರುವಾಗ ತಿರುವಿನಲ್ಲಿ ಹುರುಳಿ ಒಕ್ಕಣೆ ಹಾಕಿದ್ದರು. ಕಣ ಮಾಡುವ ಕೆಲಸ ಯಾರಿಗೆ ಬೇಕು? ಟಾರು ರಸ್ತೆಗೆ ಹರಡಿದರೆ ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಶಿವಶಂಕರ ಜೋರಾಗಿಯೂ ಓಡಿಸುತ್ತಿರಲಿಲ್ಲ. ಹುರುಳಿಯ ಅಂಚಿಗೆ ಇಟ್ಟಿದ್ದ ದಪ್ಪ ಕಲ್ಲನ್ನು ತಪ್ಪಿಸಲು ತಿರುಗಿಸಿದ, ಬ್ರೇಕು ತುಳಿದ, ಚಕ್ರ ಒಣ ಸೊಪ್ಪಿನ ಮೇಲೆ ಜಾರಿತು. ಕಾರು ಅಡ್ಡಾದಿಡ್ಡಿ ಹೋಗಿ ಹುಣಸೆ ಮರಕ್ಕೆ ಗುದ್ದಿತು.

ಮುಂದೆ ಎರಡೂ ಬಿಳಿ ಚೀಲ ಊದಿಕೊಂಡವು. ಮೂತಿ ಜಜ್ಜಿಹೋಯಿತು, ಒಳಗಿನ ಕೋಣೆ ಹಾಗೇ ನಿಂತಿತ್ತು. ಫೋನಿನಲ್ಲಿ ಕಂಡ ಹಾಗೇ. ದೇವರಾಜುವಿನ ಮೂಗು ತರಚಿತು. ಶಿವಶಂಕರನಿಗೆ ಏನೂ ಆಗಲಿಲ್ಲ. ಜಯಲಕ್ಷ್ಮಮ್ಮನನ್ನು ಪಟ್ಟಿ ಹಗ್ಗದಂತೆ ಬಿಗಿದು ಹಿಡಿಯಿತು. ಉಸಿರು ತಿರುಗಿಸಿಕೊಂಡು ಪಕ್ಕಕ್ಕೆ ನೋಡಿದಳು. ಪಟ್ಟಿ ಹಾಕಿದ್ದು ಹಾಕಿದ ಹಾಗೇ ಇತ್ತು, ಅದರ ಮುಂದೆ ಯಾರೂ ಇರಲಿಲ್ಲ. ರೂಪಶ್ರೀ ಎದುರಿನ ಸೀಟಿನ ಬೆನ್ನಿಗೆ ಅಪ್ಪಳಿಸಿ ಕೆಳಗೆ ಕುಸಿದಿದ್ದಳು. ಕಾಯಿ ಸೀಟಿಗೂ ಅವಳ ಹೊಟ್ಟೆಗೂ ನಡುವೆ ಸಿಕ್ಕಿತ್ತು. ಕಾರಿನ ತುಂಬ ಅಕ್ಕಿ.

"ಅವ್ವ, ಒಟ್ಟೆ" ಎಂದಳು ರೂಪಶ್ರೀ. ಅಷ್ಟೇ ಎಂದದ್ದು.

ಹುರುಳಿ ಒಕ್ಕುತ್ತಿದ್ದವರೇ ಓಡಿಬಂದು ಅವಳನ್ನು ಎತ್ತಿ ಇಳಿಸಿದರು. ಜಯಲಕ್ಷ್ಮಮ್ಮ ಇಳಿಯುವ ಮೊದಲು ಮಗಳ ಕಡೆಯ ಪಟ್ಟಿಯ ಕೆಂಪು ಗುಂಡಿ ಒತ್ತಿದಳು. ಪಟ್ಟಿ ಸರ್ರನೆ ಹೋಗಿ ಮೂಲೆ ಸೇರಿಕೊಂಡಿತು. ಯಾಕೆ ಒತ್ತಿದೆ ಎಂದು ಅವಳಿಗೂ ಆಗ ಗೊತ್ತಿರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು, "ಹೊಡೆತಕ್ಕೆ ಮಾಸು ಬಿಟ್ಟುಕೊಂಡಿದೆ. ತಾಯಿ ಉಳೀತಾರೆ. ಮಗು ಹೋಗಿದೆ" ಎಂದರು. ಗಂಡು ಮಗು. ಅಳಿಯ ಚೇತನ್‌ಕುಮಾರ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತ. ಜಯಲಕ್ಷ್ಮಮ್ಮನಿಗೆ ಅಳುವೂ ಬರಲಿಲ್ಲ. ಸೆರಗಿಗೆ ಅಂಟಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಬಿಡಿಸುತ್ತ ನಿಂತುಬಿಟ್ಟಳು.

ಮಗಳನ್ನು ಬರಿಮಡಿಲಲ್ಲಿ ಗಾವಡಗೆರೆಗೆ ತಂದರು. ಬಾಣಂತಿ ಕೋಣೆ ಅಂತ ಸುಣ್ಣ ಬಳಿಸಿದ್ದ ಕೋಣೆಯಲ್ಲೇ ಅವಳು ಮಲಗಿದಳು. ತಾಯಿ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಸಂಕಟಕ್ಕೆ ಹಾಗೆ ಮಾಡುತ್ತಾಳೆಂದು ಎಲ್ಲರೂ ತಿಳಿದರು. ಮೈ ಒರೆಸಿ, ಸ್ನಾನ ಮಾಡಿಸಿ, ಎದೆಹಾಲು ಬತ್ತಲು ಬಿಗಿಯಾಗಿ ಬಟ್ಟೆ ಕಟ್ಟುವುದೆಲ್ಲ ರಮ್ಯಶ್ರೀಯ ಪಾಲಿಗೆ ಬಂತು.

ಮನೆಯಲ್ಲಿ ಊಟಕ್ಕೆ ಕೂತರೆ ಜಗಳ, ಎದ್ದರೆ ಜಗಳ.

"ಐದ್ ಸ್ಟಾರಂತೆ" ಎಂದು ದೇವರಾಜು ಹೆಂಡತಿಯ ಕಡೆ ನೋಡಿಕೊಂಡೇ ಅನ್ನುತ್ತಿದ್ದ. "ಯಾವ್ ಸ್ಟಾರು ನನ್ ಮೊಮ್ಮಗನ್ನ ಉಳ್ಸ್ತು? ಮೇಷ್ಟ್ರ ಕಂಪ್ನೀದು ತಗಳವ ಅಂದೆ. ಕೇಳುದ್ರಾ ನನ್ ಮಾತ?"

"ಮೇಷ್ಟ್ರ ಗಾಡಿ ಆಗಿದ್ರೆ ನಾಲ್ಕ್ ಜನಾನೂ ಇರ್ತಿರ್ಲಿಲ್ಲ ಮಾವ" ಎಂದಳು ರಮ್ಯಶ್ರೀ.

"ನೀ ಸುಮ್ಕಿರಮ್ಮ. ನಿನ್ ಗಂಡನ್ ಕಾಲು ನೆಟ್ಟಗಿದ್ದಿದ್ರೆ ಇಷ್ಟೆಲ್ಲ ಆಯ್ತಿತ್ತಾ? ಟರ್ಬೊ ಟರ್ಬೊ ಅಂತ ಕುಣೀತಿದ್ದ. ಓಡ್ಸಿದ್ದು ಅವ್ನೇ ತಾನೆ?"

ಶಿವಶಂಕರ ತಟ್ಟೆ ಬಿಟ್ಟು ಎದ್ದ. ಅಂತರಸಂತೆಯಿಂದ ಬೀರಮ್ಮನೂ ಫೋನು ಮಾಡಿ, "ನಿಮ್ ಮಗ ನಮ್ಮನೆ ದೀಪ ಆರ್ಸ್ಬುಟ್ಟ" ಎಂದಿದ್ದಳು. ಅವನು ಅಂದಿನಿಂದ ಮನೆಯೊಳಗೆ ಮಲಗುವುದನ್ನೇ ಬಿಟ್ಟ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಚಾಪೆ ಹಾಕಿಕೊಂಡ. ರಮ್ಯಶ್ರೀ ಊಟ ಅಲ್ಲಿಗೇ ಒಯ್ಯುತ್ತಿದ್ದಳು, ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ದೇವರಾಜು ಹುಣಸೂರಿನ ಲಾಯರೊಬ್ಬರನ್ನು ಕಂಡು ಬಂದು, ಕಾರಿನ ಕಂಪನಿಯನ್ನು ಕೋರ್ಟಿಗೆ ಎಳೆಯುತ್ತೇನೆಂದು ಕೂತ. ಸ್ಟಾರಿಗಾಗಿ ಒಲೆ ಹಚ್ಚದೆ ಕೂತಿದ್ದ ಜಯಲಕ್ಷ್ಮಮ್ಮ ಈಗ ಕಾರಿನ ಮಾತು ಬಂದರೆ ಹಿತ್ತಿಲಿಗೆ ಹೋಗುತ್ತಿದ್ದಳು.

ಸಂಕ್ರಾಂತಿಗೆ ಹಬ್ಬವಿಲ್ಲದಿದ್ದರೂ ಎಣ್ಣೆಸ್ನಾನ ತಪ್ಪಿಸಬಾರದೆಂದು ರಮ್ಯಶ್ರೀ ಹಂಡೆಗೆ ಉರಿ ಹಾಕಿದಳು. "ಬೆನ್ನು ನಾನೇ ಉಜ್ಜ್ತೀನಿ ಬನ್ನಿ" ಎಂದು ಅತ್ತೆಯನ್ನು ಬಚ್ಚಲಿಗೆ ಕರೆದಳು. ಜಯಲಕ್ಷ್ಮಮ್ಮ ಬೇಡವೆಂದರೂ ಕೇಳಲಿಲ್ಲ. ಬೆನ್ನಿಗೆ ಎಣ್ಣೆ ಹಚ್ಚಿ ಭುಜಕ್ಕೆ ಕೈ ತಂದವಳು ನಿಂತಳು.

"ಇದೇನತ್ತೆ?"

ಹೆಗಲಿನಿಂದ ಎದೆಯ ಮೇಲೆ ಹಾದು ಸೊಂಟದವರೆಗೆ ಅಂಗೈ ಅಗಲದ ಗೀಟು. ನೀಲಿಗಟ್ಟಿದ್ದದ್ದು ಈಗ ಹಳದಿಗೆ ತಿರುಗುತ್ತಿತ್ತು.

"ಪಟ್ಟಿದು ಕಣಮ್ಮ. ನೋವಿಲ್ಲ ಬುಡು."

"ಬೆಲ್ಟಿಂದಾ?" ಎಂದು ರಮ್ಯಶ್ರೀ ಸೊಂಟದವರೆಗೂ ನೋಡಿದಳು. ಅವಳ ದನಿ ಇಳಿಯಿತು. "ರೂಪಂಗೆ ದಿನಾ ನಾನೇ ಸ್ನಾನ ಮಾಡಿಸ್ತಿರದು. ಅವ್ಳ ಮೈಮೇಲೆ ಇಂಥ ಗೀಟಿಲ್ವಲ್ಲ ಅತ್ತೆ."

ಜಯಲಕ್ಷ್ಮಮ್ಮ ಸೀರೆಯನ್ನು ಹೆಗಲಿಗೆ ಎಳೆದುಕೊಂಡಳು.

"ಬೆಲ್ಟ್ ಹಾಕಿರ್ಲಿಲ್ವಾ ಅವ್ಳು? ಹಾಕ್ದೆ ಇದ್ರೆ ಕಾರು ಬಡ್ಕಬೇಕಿತ್ತಲ್ಲ."

"ಬೆನ್ನಿಂದೆ ಹಾಕ್ದೆ" ಎಂದಳು ಜಯಲಕ್ಷ್ಮಮ್ಮ. "ಮಡ್ಲಕ್ಕಿ ಅಡ್ಡ ಬತ್ತಿತ್ತು. ಸದ್ದು ನಿಲ್ಲಿ ಅಂತ ಬೆನ್ನಿಂದೆ ತಂದು ಹಾಕ್ದೆ. ನಾನೆ."

ರಮ್ಯಶ್ರೀಗೆ ಗರ ಬಡಿದಂತಾಯಿತು. ಚೊಂಬಿನ ಬಿಸಿನೀರು ತನ್ನ ಕಾಲ ಮೇಲೆ ಸುರಿದುಕೊಂಡರೂ ಜರುಗಲಿಲ್ಲ. ಹಳದಿ ಕಾರಿನ ವೀಡಿಯೊ ತೋರಿಸಿದ್ದವಳು ತಾನೇ. ಪಟ್ಟಿಯ ಮಾತು ಹೇಳಿದ್ದವಳೂ ತಾನೇ. ಕೊನೆಗೆ ಅವಳು ಕೂಗಾಡಲಿಲ್ಲ, ಒಂದೇ ಮಾತು ಹೇಳಿದಳು.

"ನನ್ ಗಂಡ ಬ್ಯಾರನ್ನಲ್ಲಿ ಒಬ್ನೇ ಅಳ್ತಾ ಮಲಗ್ತಾನೆ ಅತ್ತೆ. ಇವತ್ ನೀವ್ ಹೇಳ್ದಿದ್ರೆ ನಾನ್ ಹೇಳ್ತೀನಿ."

ಆ ಸಂಜೆ ರಮ್ಯಶ್ರೀ ಗಂಡನನ್ನು ಕೈಹಿಡಿದು ಊಟಕ್ಕೆ ಕರೆತಂದಳು. ದೇವರಾಜು ಅವನನ್ನು ಕಂಡದ್ದೇ ಲಾಯರಿನ ಮಾತು ತೆಗೆದ.

"ಬೆಲ್ಟು ನೆಟ್ಟಗಿರ್ಲಿಲ್ಲ ಅಂತ ಬರ್ಸವ ಅಂದವ್ರೆ. ಬೆಲ್ಟ್ ಕಟ್ಟಿದ್ ಮೇಲೂ ಎಂಗ್ ಮುಂದಕ್ ಬಿದ್ಲು? ಕಂಪ್ನಿಯೋರ್ ಬಾಯ್ಬುಡ್ಲಿ."

"ಬೆಲ್ಟ್ ಕಟ್ಟಿರ್ನಿಲ್ಲ" ಎಂದಳು ಜಯಲಕ್ಷ್ಮಮ್ಮ. ಸಾರಿನ ಪಾತ್ರೆ ಹಿಡಿದುಕೊಂಡೇ ನಿಂತು ಎಲ್ಲವನ್ನೂ ಹೇಳಿದಳು. ಮಗ ಇಳಿಸು ಎಂದದ್ದು, ತಾನು ಗದರಿಸಿದ್ದು, ಬೆನ್ನ ಹಿಂದೆ ಹಾಕಿದ್ದು, ಆಮೇಲೆ ಗುಂಡಿ ಒತ್ತಿದ್ದು.

ದೇವರಾಜುವಿನ ಕೈ ತಟ್ಟೆಯಲ್ಲೇ ನಿಂತಿತು.

"ಎಂಥ ಕೆಲ್ಸ ಮಾಡ್ಬುಟ್ಟೆ ಜಯ" ಎಂದ. ಆಮೇಲೆ ತನ್ನಷ್ಟಕ್ಕೇ, "ಆ ಸನಿಯನ್ನ ನಿಲ್ಸು ಅಂದೋನು ನಾನೇ" ಎಂದ.

ಶಿವಶಂಕರ ತಾಯಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. "ಸದ್ದು ನಿಂತೋಯ್ತು. ಕಟ್ಕಂಡ್ಲು ಅನ್ಕಂಡೆ ಕಣವ್ವ. ಕನ್ನಡೀಲಿ ಒಂದ್ಸಲ ನೋಡ್ಬೇಕಿತ್ತು" ಎಂದು ಮೊಣಕಾಲಿಗೆ ಹಣೆಯಿಟ್ಟು ಅತ್ತ.

ಕೋಣೆಯ ಬಾಗಿಲಲ್ಲಿ ರೂಪಶ್ರೀ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಕೋರ್ಟು ಗೀರ್ಟು ಬ್ಯಾಡ ಕಣಪ್ಪ. ಅಣ್ಣನ್ನ ಬೈಯ್ಬ್ಯಾಡ" ಎಂದಳು.

"ನಿಂಗ್ ಗೊತ್ತಿತ್ತಲ್ಲ ಮಗ" ಎಂದಳು ಜಯಲಕ್ಷ್ಮಮ್ಮ. "ಇಷ್ಟ್ ದಿನ ಯಾಕ್ ಹೇಳ್ನಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ" ಎಂದು ರೂಪಶ್ರೀ ಒಳಗೆ ಹೋದಳು.

ಶಿವರಾತ್ರಿಗೆ ಮುಂಚೆ ಚೇತನ್‌ಕುಮಾರ ಹೆಂಡತಿಯನ್ನು ಕರೆದೊಯ್ಯಲು ಬಂದ. ಅಷ್ಟರಲ್ಲಿ ಬಿಳಿ ಕಾರು ಹೊಸ ಮೂತಿ ಹಾಕಿಸಿಕೊಂಡು ವರ್ಕ್‌ಶಾಪಿನಿಂದ ಬಂದಿತ್ತು. ದೇವರಾಜು, "ಮೇಷ್ಟ್ರ ಗಾಡಿ ಕೇಳಿವ್ನಿ, ಅದ್ರಲ್ಲಿ ಓಗಿ" ಎಂದ.

"ಇದ್ರಲ್ಲೇ ಓಯ್ತೀನಿ. ಅಣ್ಣನೇ ಬುಟ್ಟುಬರ್ಲಿ" ಎಂದಳು ರೂಪಶ್ರೀ.

ತವರಿನಿಂದ ಹೊರಡುವ ಮಗಳಿಗೆ ಮಡಿಲು ತುಂಬದೆ ಕಳಿಸುವ ಹಾಗಿಲ್ಲ. ಜಯಲಕ್ಷ್ಮಮ್ಮ ಮೊರದಲ್ಲಿ ಅಕ್ಕಿ ಬೆಲ್ಲ ಎಲೆ ಅಡಿಕೆ ಇಟ್ಟುಕೊಂಡು ದೇವರ ಮುಂದೆ ಮಣೆ ಹಾಕಿದಳು. ಕಾಯಿಯನ್ನು ಎತ್ತಿದವಳು ಮತ್ತೆ ಮೊರಕ್ಕೇ ಇಟ್ಟಳು. ಇಡದೆ ಇರುವುದೂ ಅಪಶಕುನ, ಇಡಲಿ ಹೇಗೆ? ರಮ್ಯಶ್ರೀ ಮುಖ ತಿರುಗಿಸಿಕೊಂಡಳು. ರೂಪಶ್ರೀ ಮಾತ್ರ ಸೆರಗು ಒಡ್ಡಿ ಸುಮ್ಮನೆ ಕೂತಿದ್ದಳು. ಕಾಯಿಯನ್ನೂ ಹಾಕಿಸಿಕೊಂಡಳು, ಗಂಟು ಬಿಗಿದುಕೊಂಡು ಎದ್ದಳು, ಎಲ್ಲರ ಕಾಲಿಗೂ ಬಿದ್ದಳು. ತಾಯಿಯ ಕಾಲಿಗೂ ಬಿದ್ದಳು. ಜಯಲಕ್ಷ್ಮಮ್ಮನಿಗೆ ಅಷ್ಟಕ್ಕೇ ಜೀವ ಬಂದ ಹಾಗಾಯಿತು.

ಚೇತನ್‌ಕುಮಾರ ಬೆಲ್ಟು ಹಾಕಿಕೊಂಡು ಮುಂದೆ ಕೂತ. ಕಾರಿನ ಹಿಂದಿನ ಸೀಟಿನಲ್ಲಿ ಕೂತ ಮೇಲೆ ರೂಪಶ್ರೀ ಬಾಗಿಲನ್ನು ಹಾಕಿಕೊಳ್ಳಲಿಲ್ಲ. ಶಿವಶಂಕರ ಗಾಡಿ ಚಾಲೂ ಮಾಡಿದ. ಟಿಣ್ ಟಿಣ್ ಎಂದಿತು. ಜಯಲಕ್ಷ್ಮಮ್ಮ ಬಾಗಿಲ ಬಳಿ ನಿಂತಿದ್ದಳು.

"ಸೆರಗೊಡ್ಡವ್ವ" ಎಂದಳು ರೂಪಶ್ರೀ.

"ಯಾಕ್ ಮಗ?"

"ಒಡ್ಡು."

ಜಯಲಕ್ಷ್ಮಮ್ಮ ಸೆರಗೊಡ್ಡಿದಳು. ರೂಪಶ್ರೀ ಗಂಟು ಬಿಚ್ಚಿ, ಅಕ್ಕಿಯನ್ನೂ ಬೆಲ್ಲವನ್ನೂ ಎಲೆ ಅಡಿಕೆಯನ್ನೂ ತಾಯಿಯ ಸೆರಗಿಗೆ ಸುರಿದಳು. ಕಾಯಿಯನ್ನು ಕಡೆಗೆ ಎರಡೂ ಕೈಯಲ್ಲಿ ಎತ್ತಿ ಅದರ ಮೇಲಿಟ್ಟಳು.

"ಇದು ನಿನ್ ಮಡ್ಲಲ್ಲೇ ಇರ್ಲಿ" ಎಂದಳು.

ಆಮೇಲೆ ಪಟ್ಟಿಯನ್ನು ಎಳೆದು, ಬರಿಹೊಟ್ಟೆಯ ಮೇಲೆ ತಂದು, ಕಟಕ್ಕೆಂದು ಹಾಕಿಕೊಂಡಳು. ಸದ್ದು ನಿಂತಿತು. ಬಾಗಿಲು ಎಳೆದುಕೊಂಡಳು. ಶಿವಶಂಕರ ಕನ್ನಡಿಯಲ್ಲಿ ನೋಡಿದ, ಸಾಲದೆಂದು ತಿರುಗಿಯೂ ನೋಡಿದ, ಆಮೇಲೆ ಗಾಡಿ ಬಿಟ್ಟ.

ಕಾರು ಹುಣಸೂರಿನ ಕಡೆ ತಿರುಗಿ ಮರೆಯಾಯಿತು. ದೇವರಾಜು ಜಗಲಿಯಿಂದ, "ಬಿಸ್ಲಲ್ಲಿ ಯಾಕ್ ನಿಂತಿದ್ದೀಯೆ, ಒಳಕ್ ಬಂದು ಅದನ್ನ ಇಳ್ಸು" ಎಂದ. ಜಯಲಕ್ಷ್ಮಮ್ಮ ಕಾಯಿ ಉರುಳಿಹೋಗದ ಹಾಗೆ ಸೆರಗನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡು ಬೀದಿಯಲ್ಲೇ ನಿಂತಿದ್ದಳು.